ಕಾಕು ಬದಲಾದ ವರ್ಷಗಳು

ಮೊನ್ನೆ ರಾಮದುರ್ಗದಿಂದ ಬರುವಾಗ ಬಸ್ಸು ಒಂದು ಗಾಣದ ಹತ್ತಿರ ನಿಂತಿತು. ಕುದಿಯುವ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ಬಂತು. ಎಲ್ಲರೂ ಆಸೆಯಿಂದ ಅತ್ತ ನೋಡಿದರು. ನಾನು ಕಿಟಕಿ ಮುಚ್ಚಿಕೊಂಡೆ. ಆ ವಾಸನೆಗೆ ನನಗೆ ನೆನಪಾಗುವುದು ಬೈಲಹೊಂಗಲದ ನಮ್ಮ ಬಾಜೂಮನೆಯ ಕಾಕು, ನನಗೆ ಚಿಕ್ಕಮ್ಮನಂತಿದ್ದವರು. ಬಾಯಿತುಂಬ ಬೆಲ್ಲ ಇಟ್ಟುಕೊಂಡು ನಮ್ಮ ಅಡುಗೆಮನೆಯಲ್ಲಿ ನಿಂತ ಕಾಕು...

ಮೊದಲು ಅವರು ಹಾಗಿರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕೂರುತ್ತಿದ್ದವರು ಅವರೇ. ಹೆಚ್ಚು ಮಾತಾಡುತ್ತಿರಲಿಲ್ಲ. ಆ ಮನೆಯ ಮಕ್ಕಳನ್ನು ತಮ್ಮ ಮನೆಗೆ ಕರೆತಂದು ಉಣಿಸುತ್ತಿದ್ದರು. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ ದಿನಾ ಬಂದು ನನ್ನ ತಲೆ ಬಾಚಿದವರು ಅವರು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ. ಹರೆಯದ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಮುಂದೆ ನಾವಿಬ್ಬರೂ ಕೂತಿದ್ದೆವು. ಕಾಕು ಇದ್ದಕ್ಕಿದ್ದಂತೆ ನಕ್ಕು, "ಚಾ ಮಾಡ್ರಿ, ಸಕ್ರಿ ಜಾಸ್ತಿ ಹಾಕ್ರಿ" ಅಂದರು. ಕೈಹಿಡಿದು ಹೊರಗೆ ಕರೆತಂದೆ. ಅವರ ಮುಖದಲ್ಲಿ ನಾಚಿಕೆಯ ಗುರುತೇ ಇರಲಿಲ್ಲ. ಆಮೇಲೆ ನಮ್ಮ ಬೆಲ್ಲದ ಡಬ್ಬಿಗೆ ಕೇಳದೇ ಕೈ ಹಾಕುವುದು ಶುರುವಾಯಿತು. ತಮ್ಮ ಮಗಳು ಜ್ವರದಲ್ಲಿ ನರಳುತ್ತಿದ್ದರೂ ಅತ್ತ ನೋಡದೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದರು. ಮರೆವು ಮಾತ್ರ ಇರಲಿಲ್ಲ. ಯಾರ ಹೆಸರೂ, ಯಾವ ದಾರಿಯೂ ತಪ್ಪುತ್ತಿರಲಿಲ್ಲ. ಹಾಗಾಗಿ ಇದು ರೋಗ ಎಂದು ಯಾರಿಗೂ ಅನಿಸಲಿಲ್ಲ. ಸೊಕ್ಕು ಬಂದಿದೆ ಅಂದರು. ಅವರ ಗಂಡ, ನಮ್ಮ ಕಾಕಾ, ಸಿಟ್ಟಾಗಿ ಮಾತೇ ಬಿಟ್ಟರು.

ಆಗಲೇ ಮಗಳಿಗೆ ಚಚಡಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಮಗಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಮಾತು ಮುಗಿಸಲು ಹಿರಿಯರು ಕೂತಿದ್ದಾಗ ಕಾಕು ಹುಡುಗನ ತಾಯಿಯನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟ ದಪ್ಪ ಅದೀರಿ ನೀವು! ಕುರ್ಚಿ ಮುರಿದೀತು, ಕೆಳಗ ಕೂಡ್ರಿ" ಅಂದರು. ಎದ್ದು ಹೋದವರು ತಿರುಗಿ ಬರಲಿಲ್ಲ.

"ಅವ್ವ ಬೇಕಂತ ಮಾಡ್ಯಾಳ್ರಿ ವೈನಿ. ಇನ್ನ ಆಕಿ ಮಾರಿ ನೋಡೂದಿಲ್ಲ" ಎಂದು, ನನ್ನನ್ನು ಅತ್ತಿಗೆಯೆಂದೇ ಕರೆಯುವ ಮಗಳು ನಮ್ಮ ಹಿತ್ತಲಲ್ಲಿ ಕೂತು ಅತ್ತಳು.

ಎರಡು ವರ್ಷ ಕಳೆದಿರಬೇಕು... ಕಾಕುವಿನ ಮಾತು ಕಡಿಮೆಯಾಗಿ, ನಾವು ಕೇಳಿದ್ದನ್ನೇ ತಿರುಗಿ ನಮಗೆ ಹೇಳತೊಡಗಿದರು. ಆಗ ಹುಬ್ಬಳ್ಳಿಗೆ ಕರೆದೊಯ್ದೆವು. ಡಾಕ್ಟರು ತಲೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಹಣೆಯ ಹಿಂದಿನ ಮಿದುಳು ಬತ್ತುತ್ತಿದೆ ಎಂದರು. ಎದುರಿನವರ ನೋವು ತಿಳಿಯುವುದು, ಆಡಬಾರದ ಮಾತನ್ನು ತಡೆಯುವುದು ಆ ಭಾಗದ ಕೆಲಸವಂತೆ.

"ಇವರ ತವರಮನ್ಯಾಗ ಯಾರಿಗರೆ ಹಿಂಗ ಆಗಿತ್ತೇನ್ರಿ?" ಎಂದು ಕೇಳಿದರು.

ಕಾಕಾ ಕಾಕುವಿನ ಕಡೆ ನೋಡಿ ಅಂದರು: "ಇಕಿ ಅವ್ವಗೂ ಹಿಂಗ ಆಗಿತ್ರಿ. ಸುರೇಬಾನದಾಗ ಇಕಿ ಅಣ್ಣಗೂ... ನಾವು ಹುಚ್ಚ ಹಿಡದೈತಿ ಅಂತ ತಿಳಿದಿದ್ವಿ."

ಇದು ರಕ್ತದಲ್ಲಿ ಬರುವಂಥದ್ದು, ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು, ತಡೆಯುವ ಔಷಧಿ ಇಲ್ಲ ಎಂದರು ಡಾಕ್ಟರು. ಮಗಳು ಗೋಡೆಯನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ಅವ್ವನ ಜಾರಿದ ಸೆರಗನ್ನು ಸರಿಮಾಡಿದಳು. ಆ ಸಂಬಂಧ ಮುರಿದ ಮೇಲೆ ಅವ್ವನನ್ನು ಮುಟ್ಟಿದ್ದು ಅದೇ ಮೊದಲು.

ಮುಂದಿನ ವರ್ಷಗಳನ್ನು ನೆನೆಯುವುದಕ್ಕೂ ದಣಿವಾಗುತ್ತದೆ. ಮೀಯಿಸುವುದು, ಉಡಿಸುವುದು, ಬೀದಿಗೆ ಹೋಗದಂತೆ ಕಾಯುವುದು. ಮದುವೆಯ ಮಾತೆತ್ತಿದರೆ ಮಗಳು ಎದ್ದು ಹೋಗುತ್ತಿದ್ದಳು. ಕಾಕು ಮೂಕರಾದರು, ನುಂಗುವುದನ್ನೂ ಬಿಟ್ಟರು, ಒಂದು ಮಧ್ಯಾಹ್ನ ತೀರಿಕೊಂಡರು. ಅವರ ಮುಂದೆ ಕೂತರೂ ನನಗೆ ಅಳು ಬರಲಿಲ್ಲ. ನನ್ನ ತಲೆ ಬಾಚಿದ ಕಾಕು ಹೋಗಿ ಎಷ್ಟೋ ಕಾಲವಾಗಿತ್ತು... ಅವರು ಹೋದದ್ದು ಯಾವಾಗ ಎಂದು ಹೇಳಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಕಾಕಾ ಕೂಡ ಈಗಿಲ್ಲ. ಮಗಳು ಬಾಜೂಮನೆಯಲ್ಲೇ ಇದ್ದು ದೊಡವಾಡದ ಶಾಲೆಯಲ್ಲಿ ಕಲಿಸುತ್ತಾಳೆ. ಈಗ ಆಕೆಯೂ ಅವ್ವ ಬದಲಾದ ವಯಸ್ಸಿಗೆ ಬಂದಿದ್ದಾಳೆ. ಕಳೆದ ವರ್ಷ ಬಟ್ಟೆ ಒಣಹಾಕುತ್ತಾ ಅಂದಳು: "ವೈನಿ, ನಾ ಬದಲಾದ್ರ ನನಗ ಗೊತ್ತಾಗೂದಿಲ್ಲ. ಅವ್ವಗ ಗೊತ್ತಾಗ್ಲಿಲ್ಲಲ್ರಿ. ನೀವರೆ ಹೇಳ್ರಿ. ಮುಚ್ಚಿಡಬ್ಯಾಡ್ರಿ."

ಹೂಂ ಅಂದೆ. ಅಂದಿನಿಂದ ಆಕೆ ಯಾರಿಗಾದರೂ ಸ್ವಲ್ಪ ಒರಟಾಗಿ ಮಾತಾಡಿದರೂ ನನ್ನ ಕೈಯ ಕೆಲಸ ನಿಲ್ಲುತ್ತದೆ. ಆಕೆಯೂ ತಟ್ಟನೆ ತಿರುಗಿ ನನ್ನ ಮುಖ ನೋಡುತ್ತಾಳೆ.

"ಏನಿಲ್ಲವಾ, ನೀ ಆರಾಮ ಅದಿ" ಅನ್ನುತ್ತೇನೆ.

ಇವತ್ತಿನವರೆಗೆ ಅದು ನಿಜ.