ಆಧಿ ಗೋಲಿ

ಪರವೂರಿನವರೆಂದರೆ ಎಲ್ಲರೂ ಹಿಂದಿಯವರು, ಹಿಂದಿ ತಿಳಿಯದಿದ್ದರೆ ಅವರು ಕಿವುಡರು. ತಿಕೋಟಾದ ಒಂದು ದವಾಖಾನೆಯ ಕಂಪೌಂಡರನ ನಂಬಿಕೆ ಇದು. ಅದಕ್ಕೇ ಅವನು ಮಾತಾಡುವುದಿಲ್ಲ, ಒದರುತ್ತಾನೆ.

ದುಡಿಯಲು ವಲಸೆ ಬಂದ ಹಿರಿಯರಿಗೆ ಔಷಧಿಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅವರವರ ಭಾಷೆಯಲ್ಲೇ ಹೇಳಿಕೊಡುವುದು ನನ್ನ ಕೆಲಸ. ವಿಜಯಪುರದಿಂದ ಬಸ್ಸು ಹಿಡಿದು ಒಂದು ವಾರ ಬಬಲೇಶ್ವರದ ಕಡೆ, ಒಂದು ವಾರ ತಿಕೋಟಾದ ದ್ರಾಕ್ಷಿ ತೋಟಗಳ ಕಡೆ ಹೋಗುತ್ತೇನೆ. "ಇಲ್ಲಿಗೆ ಬಂದ ಮ್ಯಾಲ ಅವ್ರ ಕನ್ನಡಾ ಕಲೀಬೇಕ್ರಿ" ಎಂದು ನನಗೇ ಬುದ್ಧಿ ಹೇಳುವವರಿದ್ದಾರೆ. ಕಲಿಯಲಿ, ಬೇಡ ಎಂದವರಾರು? ಆದರೆ ಎಪ್ಪತ್ತು ದಾಟಿದವರು ಕನ್ನಡ ಕಲಿಯುವ ತನಕ ಸಕ್ಕರೆ ಕಾಯಿಲೆ ಕಾಯುತ್ತ ಕೂಡುತ್ತದೆಯೇ?

ಹೋದ ಚಳಿಗಾಲದಲ್ಲಿ ಪಂಢರಪುರದ ಆಚೆಯಿಂದ ಬಂದ ಮುದುಕಿಯೊಬ್ಬಳು ದ್ರಾಕ್ಷಿ ಬಳ್ಳಿಯ ಕೆಳಗೆ ಬೆವರಿ ಬಿದ್ದಳು. ನಾನು ದವಾಖಾನೆಗೆ ಹೋದಾಗ ಗ್ಲೂಕೋಸ್ ಹಚ್ಚಿದ್ದರು, ಕಣ್ಣು ಬಿಟ್ಟಿದ್ದಳು. ಕಂಪೌಂಡರ ಅವಳ ಮೇಲೆ ಬಗ್ಗಿ ಒದರುತ್ತಿದ್ದ.

"ಆಧಿ ಗೋಲಿ ಬೋಲಾ ಥಾ ನಾ? ಆಧಿ! ಆಧಿ!" ನನ್ನ ಕಡೆ ತಿರುಗಿದ. "ನೋಡ್ರಿ ಅಕ್ಕಾರ, ಅರ್ಧಾ ಗುಳಿಗಿ ತಗೋ ಅಂತ ಬಡ್ಕೊಂಡೇನಿ. ಪೂರಾ ನುಂಗ್ಯಾಳ. ತಿಳಿಗೇಡಿ ಅಡಾಣಿ ಮಂದಿ!"

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ!

ಮುದುಕಿ ವಿಧೇಯಳಾಗಿ ತಲೆಯಾಡಿಸಿದಳು. "ಹೋ, ಜೇವಣಾಚ್ಯಾ ಆಧೀಚ್ ಘೇತ್ಲಿ." ಹೌದು, ಊಟಕ್ಕೆ ಮೊದಲೇ ತಗೊಂಡೆ ಎಂದಳು.

ನನಗೆ ಮೈಯೆಲ್ಲ ಉರಿಯಿತು. ಹಿಂದಿಯಲ್ಲಿ ಆಧಿ ಎಂದರೆ ಅರ್ಧ, ಮರಾಠಿಯಲ್ಲಿ ಆಧಿ ಎಂದರೆ ಮೊದಲು. ಅರ್ಧ ಗುಳಿಗೆ ಎಂದು ಇವನು ಒದರಿದ್ದು ಅವಳಿಗೆ 'ಮೊದಲು ಗುಳಿಗೆ' ಎಂದು ಕೇಳಿಸಿತ್ತು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ಪೂರ್ತಿ ಗುಳಿಗೆ ನುಂಗಿ, ಊಟ ಆಮೇಲೆ ಮಾಡಿದರಾಯಿತೆಂದು ಕೆಲಸಕ್ಕಿಳಿದಿದ್ದಳು. ಮೈಯೊಳಗಿನ ಸಕ್ಕರೆ ಇಳಿದುಹೋಗಿತ್ತು. ಒಂದು ಗುಳಿಗೆ ಮುರಿದು ತೋರಿಸಿದ್ದರೆ ಮುಗಿಯುತ್ತಿತ್ತು. ಒದರುವುದಕ್ಕಿದ್ದ ಪುರುಸೊತ್ತು ಅಷ್ಟಕ್ಕಿರಲಿಲ್ಲ!

ನಾನೇ ಮುರಿದು ತೋರಿಸಿ ಅಜ್ಜಿಗೆ ಮರಾಠಿಯಲ್ಲಿ ಹೇಳಿದೆ. "ಅರ್ಧೀ, ಆಜಿ. ಅರ್ಧೀ."

ಆ ಎರಡು ತುಂಡುಗಳನ್ನು ನೋಡುತ್ತಲೇ ಅವಳ ಮುಖ ಬಿಳುಪೇರಿತು. ಕೈಯಲ್ಲಿ ಸೂಜಿ ಇರುವಾಗಲೇ ಏಳಲು ಹೊರಟಳು. ತೋಟದ ಶೆಡ್ಡಿನಲ್ಲಿ ಗಂಡ ಒಬ್ಬನೇ ಇದ್ದಾನೆ, ಅವನಿಗೂ ಇದೇ ಗುಳಿಗೆ, ಮುಂಜಾನೆ ಪೂರ್ತಿ ನುಂಗಿಸಿ ಬಂದಿದ್ದೇನೆ ಎಂದು ಮರಾಠಿಯಲ್ಲಿ ಅಳತೊಡಗಿದಳು.

ಅವಳನ್ನು ದವಾಖಾನೆಗೆ ತಂದಿದ್ದ ತೋಟದ ಮಾಲೀಕನ ಬೈಕಿನ ಹಿಂದೆ ಕುಳಿತು ಓಡಿದೆ. ಮುದುಕ ಒಣದ್ರಾಕ್ಷಿ ಶೆಡ್ಡಿನ ಕಂಬಕ್ಕೊರಗಿ ನಡುಗುತ್ತಿದ್ದ, ಮಾತು ತೊದಲುತ್ತಿತ್ತು. ನುಂಗುವಷ್ಟು ಎಚ್ಚರವಿದ್ದದ್ದು ಪುಣ್ಯ. ಸ್ವಲ್ಪ ಸ್ವಲ್ಪವೇ ಸಕ್ಕರೆ ನೀರು ಕುಡಿಸಿ, ನಡುಕ ನಿಂತ ಮೇಲೆ ದವಾಖಾನೆಗೆ ತಂದೆವು. ಹೆಂಡತಿಯ ಪಕ್ಕದ ಮಂಚದಲ್ಲೇ ಮಲಗಿಸಿದೆವು.

ಕಂಪೌಂಡರ ನನ್ನ ಹತ್ತಿರ ಬಂದು, ಈಗ ಮೆಲ್ಲಗೆ, "ಇನ್ನ ಮುಂದರ ಹೇಳಿದ್ದು ಕೇಳ್ರಿ ಅಂತ ನೀವರ ಅವ್ರಿಗೆ ಹೇಳ್ರಿ" ಎಂದ.

"ಕೇಳಿದ್ದಕ್ಕನ ಹಿಂಗಾಗೇತಿ" ಎಂದೆ. "ನಿಮ್ಮ ಮಾತು ಕೇಳದಿದ್ರ ಇಬ್ರೂ ತ್ವಾಟದಾಗ ಆರಾಮ ಇರ್ತಿದ್ರು."