ಡಬ್ಬಿಯ ತಳದ ಇಳಿಜಾರು

೧೯೯೧ರಲ್ಲಿ ಏಳನೇ ಇಯತ್ತೆಗೇ ನಾನು ಶಾಲೆ ಬಿಟ್ಟೆ. ದುಡಿದು ತಿಂದವನು, ಓದಿದವರ ಮುಂದೆ ಎಂದೂ ಕುಗ್ಗಿದವನಲ್ಲ. ಹೋದ ವರ್ಷ ಮಾತ್ರ ಬಾಯಿ ತೆರೆದು ನಿಂತುಬಿಟ್ಟೆ. ಯಾರ ಮುಂದೆ ಅಂತೀರಿ? ಒಂದು ಪ್ಲಾಸ್ಟಿಕ್ ಡಬ್ಬಿಯ ಮುಂದೆ!

ನಾನು ಬೆಳೆಯುವುದು ಮೆಂತೆ, ಮೂಲಂಗಿಯ ಎಳೆ ಸಸಿ. ಬೆರಳುದ್ದ ಬಂದರೆ ಸಾಕು, ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನಬಹುದು. ರೋಣದಲ್ಲಿ ಬೆಳೆದು ಅಲ್ಲಿಯೂ ಮಾರುತ್ತೇನೆ, ನರಗುಂದ, ಗಜೇಂದ್ರಗಡಕ್ಕೂ ಒಯ್ಯುತ್ತೇನೆ. ಕೊಯ್ದು ಒಯ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳು ಮುಟ್ಟುವುದಿಲ್ಲ. ಗಜೇಂದ್ರಗಡದ ಗಿರಾಕಿ ನೀಲವ್ವ ಮೊದಲ ದಿನವೇ ಕೇಳಿದ್ದರು: "ಬೇರ ಎಲ್ಲೈತೋ ತಮ್ಮಾ? ಬೇರ ನೋಡದ ಪಲ್ಲೆ ತಗೊಳ್ಳಾಕ ನಾ ಏನ್ ನಿನ್ನೆ ಬಂದ ಸೊಸಿ ಏನ?"

ಅದಕ್ಕೇ ಡಬ್ಬಿಯಲ್ಲೇ ಬಿತ್ತಿ, ಬೇರಿನ ಸಮೇತ ಮಾರತೊಡಗಿದೆ. ಅಂಥ ಡಬ್ಬಿಯೊಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಕ್ಕಿತ್ತು. ಪ್ಲಾಸ್ಟಿಕ್ ಅಚ್ಚು ಹಾಕುವವರಿಗೆ ಕೊಟ್ಟು ಅಂಥದೇ ಸಾವಿರ ಮಾಡಿಸಿದೆ. (ಪಕ್ಕದ ಮನೆಯ ಕಿಟಕಿ ಚೆಂದ ಕಂಡರೆ ಅಳತೆ ಹಿಡಿದು, ಅದೇ ಬಡಿಗನ ಕೈಲಿ ಮಾಡಿಸುವ ಜನ ನಾವು. ಇದು ತಪ್ಪೆಂದು ಹೊಳೆಯುವುದಾದರೂ ಹೇಗೆ?)

ಒಂದು ಕಂಪನಿಯಿಂದ ನೋಟಿಸು ಬಂತು. ಡಬ್ಬಿಗೆ ತಮ್ಮ ಪೇಟೆಂಟಿದೆ, ಅದರಲ್ಲಿ ಸಸಿ ಬೆಳೆಸುವ ವಿಧಾನವೂ ತಮ್ಮದೇ, ಎರಡನ್ನೂ ಕೂಡಲೇ ನಿಲ್ಲಿಸಬೇಕಂತೆ!

ಎರಡೂ ನಿಂತರೆ ನನ್ನ ಬದುಕೇ ನಿಂತ ಹಾಗೆ. ಕುದಿಯುತ್ತ ರೋಣದ ವಕೀಲರ ಬಳಿ ಹೋದೆ. "ಮೆಂತೆ ಬಿತ್ತಾಕ ಇವರ ಪರ್ಮಿಷನ್ ಬೇಕೇನ್ರಿ?"

"ಬ್ಯಾಡ್ರಿ ಸಾಹೇಬ್ರ" ಎಂದು ನಕ್ಕರು ವಕೀಲರು. "ಬೆಳಿ ಬೆಳ್ಯೂ ರೀತಿಗೆ ನಮ್ಮ ದೇಶದಾಗ ಪೇಟೆಂಟ್ ಕೊಡೂದಿಲ್ಲ. ಆದ್ರ ಡಬ್ಬಿ ಖರೇನ ಅವರದು. ಅವರ ಪೇಟೆಂಟಿನ ಈ ಚಿತ್ರ ನೋಡ್ರಿ."

ನೋಡಿದೆ. ಹಾಳೆ ತಿರುವಿದಷ್ಟೂ ಡಬ್ಬಿಯೇ! ತಳಕ್ಕೆ ಕೂದಲೆಳೆಯಷ್ಟು ಇಳಿಜಾರು, ಹೆಚ್ಚಾದ ನೀರು ಮೂಲೆಗೆ ಹರಿದು ಬೇರು ಕೊಳೆಯದಿರಲೆಂದು. ಮುಚ್ಚಳದ ತೂತುಗಳು ಬೇರೆ ಬೇರೆ ಅಳತೆಯವು, ಸಸಿ ಉಸಿರಾಡಲೆಂದು. ದಿನವೂ ಕೈಯಲ್ಲಿ ಹಿಡಿದ ನನಗೆ ಆ ಇಳಿಜಾರು ಕಂಡೇ ಇರಲಿಲ್ಲ. ಡಬ್ಬಿಯಲ್ಲಿ ಸಸಿ ಕೊಳೆಯದೆ ಉಳಿಯುವುದು ನನ್ನ ಕೈಗುಣವೆಂದು ಬೀಗುತ್ತಿದ್ದೆ!

ನಾಲ್ಕು ದಿನ ಬಾಳುವ ಮೆಂತೆ ಸಸಿ. ಅದರ ಉಸಿರಿನ ಬಗ್ಗೆ ಯಾರೋ ಪುಣ್ಯಾತ್ಮ ಇಷ್ಟೆಲ್ಲ ಕೂತು ಯೋಚಿಸಿದ್ದಾನಲ್ಲ! ಸಿಟ್ಟು ಎಲ್ಲಿ ಹೋಯಿತೋ.

"ಕೋರ್ಟಿಗೆ ಹೋಗೂಣೇನ್ರಿ?" ವಕೀಲರು ಕೇಳಿದರು.

"ಬ್ಯಾಡ್ರಿ. ಸಸಿ ನಂದು, ಡಬ್ಬಿ ಅವರದು, ಡಬ್ಬಿ ಬಿಡ್ತೀನಿ ಅಂತ ಬರದು ಕಳಸ್ರಿ."

ಹಾಗೇ ಬರೆದರು. ಕಂಪನಿ ಒಪ್ಪಿತು. ಈಗ ಮೇದಾರರ ಬಿದಿರು ಬುಟ್ಟಿಯಲ್ಲಿ ಬೆಳೆಯುತ್ತೇನೆ. ಮೊದಮೊದಲು ಬೇರು ಕೊಳೆತವು, ಕೈಗುಣ ಎಷ್ಟಿತ್ತೆಂದು ಗೊತ್ತಾಯಿತು. ನೀರು ಇಳಿದುಹೋಗುವಂತೆ ತಳ ಎತ್ತರಿಸಿ ಹೆಣೆಸಿದ ಮೇಲೆ ಸಸಿ ಉಳಿದವು.

ಸದ್ಯ ನನ್ನ ಹತ್ತಿರ ಇರುವುದು ಅರವತ್ತು ಬುಟ್ಟಿ, ಮೂರು ಊರಿನ ಗಿರಾಕಿಗಳು, ಮತ್ತು ಹುಬ್ಬಳ್ಳಿಯಿಂದ ತಂದ, ಎಸೆಯಲು ಮನಸ್ಸಾಗದ ಆ ಒಂದು ಡಬ್ಬಿ.