ಮಾದೇವಿಯ ಹೊಲದ ಚರಗ

ಮೊರಬದ ಮಾದೇವಿ ದನಿ ಎತ್ತಿ ಮಾತಾಡಿದ್ದನ್ನು ನಮ್ಮ ಓಣಿಯವರು ಕೇಳಿಲ್ಲ. ಹಾಗಂತ ಅವಳನ್ನು ಮೆತ್ತಗಿನವಳು ಎಂದುಕೊಂಡವನು ಕುಬೇರಪ್ಪ ಒಬ್ಬನೇ. ಗಂಡ ಫಕೀರೇಶ ತೀರಿಕೊಂಡ ಮೇಲೆ ಅವಳು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿ, ತನ್ನ ಕಪ್ಪು ಮಣ್ಣಿನ ಎರಿ ಹೊಲವನ್ನು ಮೂರು ವರ್ಷಕ್ಕೆ ಈ ಕುಬೇರಪ್ಪನಿಗೆ ಲಾವಣಿ, ಅಂದರೆ ಗುತ್ತಿಗೆ, ಹಾಕಿದ್ದಳು. ಮೊದಲ ವರ್ಷ ಲಾವಣಿ ಹಣ ಬಂತು, ಆಮೇಲೆ ಬರೀ ನೆಪಗಳು ಬಂದವು. ಹೋದ ಯುಗಾದಿಗೆ ಕರಾರು ಮುಗಿಯಿತು. ಕುಬೇರಪ್ಪ ಹೊಲ ಬಿಡಲಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತಿಕೊಂಡ.

ಮಾದೇವಿ ಊರ ಹಿರಿಯರ ಹತ್ತಿರ ಹೋದಳು. ಅವರು ಚಹಾ ಕುಡಿಸಿ, ಮುಂದಿನ ವರ್ಷ ನೋಡೋಣ ಎಂದು ಸಾಗಹಾಕಿದರು. ಈ ಹಿರಿಯರ ಮುಂದಿನ ವರ್ಷ ಯಾವತ್ತೂ ಬರುವುದಿಲ್ಲ, ಅದನ್ನು ನಾನು ಬಲ್ಲೆ. ಹಣ ಹೋದರೆ ಹೋಗಲಿ, ಸುಮ್ಮನಿದ್ದರೆ ಹೊಲವೇ ಕೈತಪ್ಪೀತು ಎಂಬ ಹೆದರಿಕೆ ಅವಳಿಗೆ ಹೊಕ್ಕಿತು. ಹೆದರಿಕೆ ಹೊಕ್ಕ ಮೇಲೆ ಮಾದೇವಿ ಗಟ್ಟಿಯಾದಳು.

ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಚರಗ ಚೆಲ್ಲುತ್ತೇವೆ. ಹಬ್ಬದಡುಗೆಯನ್ನು ಹೊಲಕ್ಕೆ ಒಯ್ದು, ಮೊದಲು ಭೂಮಿತಾಯಿಗೆ ಚೆಲ್ಲಿ, ಆಮೇಲೆ ಅಲ್ಲೇ ಕೂತು ಉಣ್ಣುವುದು. ಹೊಲದ ಹಕ್ಕು ಯಾರ ಕೈಯಲ್ಲಿದೆಯೋ ಅವರು ಚೆಲ್ಲಬೇಕು. ಲಾವಣಿ ಇದ್ದಷ್ಟು ದಿನ ಕುಬೇರಪ್ಪನ ತಾಯಿ ಸಾವಿತ್ರೆವ್ವ ಚೆಲ್ಲುತ್ತಿದ್ದಳು. ಈ ಸಲ ಮಾದೇವಿ ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ, ಎಣಗಾಯಿ, ಕಡುಬು ಮಾಡಿ, ಇಡೀ ಓಣಿಯನ್ನು ತನ್ನ ಹೊಲಕ್ಕೆ ಊಟಕ್ಕೆ ಕರೆದಳು.

ನಾವೆಲ್ಲ ಬದುವಿನ ಮೇಲೆ ಕೂತಿದ್ದಾಗ ಕುಬೇರಪ್ಪನ ಟ್ರ್ಯಾಕ್ಟರ್ ಬಂತು. ಟ್ರೇಲರಿನಿಂದ ಸಾವಿತ್ರೆವ್ವ ಬುಟ್ಟಿ ಹಿಡಿದು ಇಳಿದಳು. ಇದೇನು ಜಾತ್ರೆ ಎಂದು ಕುಬೇರಪ್ಪ ಗದರಿದ. ಮಾದೇವಿ ಅವನತ್ತ ನೋಡಲೇ ಇಲ್ಲ, ನೇರ ಮುದುಕಿಯ ಎದುರು ಹೋಗಿ ನಿಂತಳು.

"ಲಾವಣಿ ಯುಗಾದಿಗೇ ಮುಗದೈತ್ರಿ, ಯವ್ವಾ. ಕಡಲಿ ನೀವು ಬಿತ್ತೀರಿ, ಕಿತ್ಗೊಂಡು ಹೋಗ್ರಿ. ಚರಗ ಮಾತ್ರ ನಾ ಚೆಲ್ತೀನಿ. ನಮ್ಮ ಹೊಲಕ್ಕ ಬಂದೀರಿ, ಉಂಡು ಹೋಗ್ರಿ."

ಇದು ಖರೆಯೇನು ಎಂದು ಸಾವಿತ್ರೆವ್ವ ಮಗನನ್ನು ಕೇಳಿದಳು. ಅದೆಲ್ಲ ಗಂಡಸರ ವ್ಯವಹಾರ ಎಂದು ಅವನು ಗೊಣಗಿದ. ಮುದುಕಿ ತನ್ನ ಬುಟ್ಟಿಯನ್ನು ತಿರುಗಿ ಟ್ರೇಲರಿನಲ್ಲಿಟ್ಟು, ನಮ್ಮ ಪಂಕ್ತಿಯಲ್ಲಿ ಬಂದು ಕೂತಳು.

"ಮೊದಲ ನಿನ್ನ ಚರಗ ಚೆಲ್ಲವ್ವಾ," ಎಂದಳು. "ಆಮ್ಯಾಲ ನಮಗ ನೀಡು."

ಕುಬೇರಪ್ಪ ಕೆಳಗೆ ಇಳಿಯಲಿಲ್ಲ. ತಾಯಿ ಉಂಡು ಕೈ ತೊಳೆಯುವವರೆಗೂ ಟ್ರ್ಯಾಕ್ಟರ್ ಮೇಲೇ ಕೂತಿದ್ದ. ಕಡಲೆ ಕಿತ್ತ ಮೇಲೆ ಅವನು ಆ ಹೊಲದ ಬದು ದಾಟಲಿಲ್ಲ.